ಲಿನಕ್ಸ್ ಕಂಪ್ಯೂಟರೂ ಹಾಲ್‌ನ ಟಿವಿಯೂ: ಮಲ್ಕಾಜ್‌ಗಿರಿಯ ಮನೆಗಳಲ್ಲಿ ಕಲಿತ ಪಾಠಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆಮೇಲೆ ಹೈದರಾಬಾದಿನ ನಮ್ಮ ಮಲ್ಕಾಜ್‌ಗಿರಿಯಲ್ಲಿ ಲಿನಕ್ಸ್ ಹಾಕಿಕೊಡಿ ಎಂದು ಕೇಳುವವರು ಹೆಚ್ಚಿದರು. ವಿಂಡೋಸ್ 11 ಬೇಡುವ ಟಿಪಿಎಂ 2.0 ಚಿಪ್ ಇಲ್ಲದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪು, ಡೆಸ್ಕ್‌ಟಾಪುಗಳು ಎಷ್ಟೋ ಮನೆಗಳಲ್ಲಿವೆ. ಅವಕ್ಕೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ ಹಾಲ್‌ನ ಟಿವಿಗೆ ಜೋಡಿಸಿದರೆ ಹಿರಿಯರಿಗೆ ಕನ್ನಡ ಪತ್ರಿಕೆ ಓದಲು, ಮಕ್ಕಳಿಗೆ ಪಾಠ ನೋಡಲು, ರಾತ್ರಿ ಸಿನಿಮಾಕ್ಕೆ ಸಾಕು. ಹೊಸದೇನನ್ನೂ ಕೊಳ್ಳಬೇಕಿಲ್ಲ.

ಜೋಡಿಸಿದ ಮರುದಿನವೇ ಫೋನ್ ಬರುತ್ತದೆ. ವಾಣಿನಗರದಿಂದ ತೆಲುಗಿನಲ್ಲಿ 'ಸ್ಕ್ರೀನ್ ಕಟ್ ಅವುತೋಂದಿ ಸಾರ್' ಎಂದು. ಮೌಲಾಲಿ ಕಡೆಯ ನಮ್ಮ ಕನ್ನಡದವರೊಬ್ಬರಿಂದ 'ಅಕ್ಷರ ಎಲ್ಲಾ ಕಲಸಿದಂಗ ಕಾಣತಾವ್ರಿ' ಎಂದು. ನಮ್ಮವರು ಇಲ್ಲಿ ಇರುವುದಕ್ಕೆ ದೊಡ್ಡ ಕಾರಣ ರೈಲ್ವೆ. 1966ರಲ್ಲಿ ಸಿಕಂದರಾಬಾದಿನಲ್ಲಿ ದಕ್ಷಿಣ ಮಧ್ಯ ರೈಲ್ವೆ ಆರಂಭವಾದಾಗ ಹುಬ್ಬಳ್ಳಿ ವಿಭಾಗ ಅದಕ್ಕೆ ಸೇರಿತ್ತು. 2003ರಲ್ಲಿ ನೈಋತ್ಯ ರೈಲ್ವೆಗೆ ಹೋಗುವ ತನಕ ಅಲ್ಲೇ ಇತ್ತು. ಆ ಕಾಲದಲ್ಲಿ ವರ್ಗವಾಗಿ ಬಂದು ಇಲ್ಲೇ ಮನೆ ಕಟ್ಟಿಕೊಂಡ ಕುಟುಂಬಗಳ ಟಿವಿಗಳ ಮುಂದೆ ಕೂತು ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಂಥ ದೂರುಗಳಲ್ಲಿ ಬಹುಪಾಲು ಸಲ ಟಿವಿಯೂ ಕೆಟ್ಟಿರುವುದಿಲ್ಲ, ಲಿನಕ್ಸೂ ಕೆಟ್ಟಿರುವುದಿಲ್ಲ. ಚಿತ್ರದ ಅಳತೆ ನಾಲ್ಕು ಕಡೆ ನಿರ್ಧಾರವಾಗುತ್ತದೆ: ಟಿವಿ, ಕೇಬಲ್, ಡ್ರೈವರ್, ಡೆಸ್ಕ್‌ಟಾಪ್. ಈ ನಾಲ್ಕರಲ್ಲಿ ತಪ್ಪು ನಿರ್ಧಾರ ಯಾರದ್ದು ಎಂದು ಹುಡುಕುವುದೇ ಮುಖ್ಯ ಕೆಲಸ. ಸರಿಪಡಿಸುವುದು ಆಮೇಲಿನ ಸಣ್ಣ ಕೆಲಸ.

1. ಮೊದಲು ರಿಮೋಟ್, ಆಮೇಲೆ ಕೀಬೋರ್ಡ್

ಮೇಲಿನ ಪಟ್ಟಿ ಅರ್ಧ ಕಾಣುತ್ತದೆ, ಕೆಳಗೆ ಗಡಿಯಾರ ಇರುವ ಜಾಗ ಪೂರ್ತಿ ಮಾಯ, ಎಡಗಡೆಯ ಐಕಾನ್‌ಗಳು ಕತ್ತರಿಸಿದಂತಿವೆ. ಕಂಡ ಕೂಡಲೇ ಟರ್ಮಿನಲ್ ತೆರೆಯುವವರೇ ಹೆಚ್ಚು. ಅದು ಬೇಡ. ಲಿನಕ್ಸಿನಲ್ಲಿ ಒಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಫೋನಿಗೆ ಕಳಿಸಿ ನೋಡಿ. ಆ ಚಿತ್ರದಲ್ಲಿ ಅಂಚುಗಳೆಲ್ಲ ಇವೆಯೆಂದರೆ ಕಂಪ್ಯೂಟರ್ ಪೂರ್ತಿ ಚಿತ್ರವನ್ನೇ ಕಳಿಸಿದೆ, ಕತ್ತರಿಸಿದ್ದು ಟಿವಿ. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ.

ಟಿವಿಗೆ ಈ ಅಭ್ಯಾಸ ಪಿಕ್ಚರ್ ಟ್ಯೂಬಿನ ಕಾಲದಿಂದ ಬಂದದ್ದು. ನಮ್ಮ ಮಲ್ಕಾಜ್‌ಗಿರಿಯಿಂದ ಸ್ವಲ್ಪವೇ ದೂರದಲ್ಲಿರುವ ಇಸಿಐಎಲ್ 1967ರಲ್ಲಿ ಸ್ಥಾಪನೆಯಾದ ಸರಕಾರಿ ಸಂಸ್ಥೆ. 1969ರಲ್ಲಿ ಟಿಡಿಸಿ-12 ಎಂಬ ದೇಶೀ ಕಂಪ್ಯೂಟರ್ ಮಾಡಿದ್ದೂ ಅದೇ, ಇಸಿ ಹೆಸರಿನ ಟಿವಿಗಳನ್ನು ಮಾಡಿದ್ದೂ ಅದೇ. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಮುಟ್ಟಿಸಿದ ಸೈಟ್ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಹೋದ ಟಿವಿಗಳೂ ಇಸಿಐಎಲ್‌ನವೇ. ಅಂಥ ಟ್ಯೂಬಿನ ಟಿವಿಯಲ್ಲಿ ವೋಲ್ಟೇಜ್ ಏರಿಳಿದಾಗ ಚಿತ್ರದ ಗಾತ್ರವೂ ಏರಿಳಿಯುತ್ತದೆ. ಸೆಟ್ ಹಳತಾದಂತೆ ಚಿತ್ರ ಕುಗ್ಗಿ ಸುತ್ತ ಕಪ್ಪು ಅಂಚು ಕಾಣತೊಡಗುತ್ತದೆ. ಹಾಗೆ ಕಾಣದಿರಲಿ ಎಂದು ಚಿತ್ರವನ್ನು ಗಾಜಿನ ಅಳತೆಗಿಂತ ಸ್ವಲ್ಪ ಹೆಚ್ಚಿಗೆ ಹಿಗ್ಗಿಸಿಯೇ ಬಿಡುವುದು ಎಲ್ಲ ತಯಾರಕರ ಪದ್ಧತಿಯಾಗಿತ್ತು. ಟ್ಯೂಬ್ ಹೋಗಿ ಪ್ಯಾನೆಲ್ ಬಂದರೂ ಪದ್ಧತಿ ಹೋಗಲಿಲ್ಲ. ಚಪ್ಪಟೆ ಪ್ಯಾನೆಲ್‌ನಲ್ಲಿ ಅದರ ಅಗತ್ಯ ಒಂದಿಷ್ಟೂ ಇಲ್ಲದಿದ್ದರೂ ಎಷ್ಟೋ ಟಿವಿಗಳಲ್ಲಿ ಅಂಗಡಿಯಿಂದ ಬರುವಾಗಲೇ ಅದು ಆನ್ ಆಗಿರುತ್ತದೆ.

ಆದ್ದರಿಂದ ಔಷಧವೂ ಟಿವಿಯ ಮೆನುವಿನಲ್ಲೇ ಇದೆ. ಎಲ್‌ಜಿಯಲ್ಲಿ ಅದರ ಹೆಸರು 'ಜಸ್ಟ್ ಸ್ಕ್ಯಾನ್', ಸ್ಯಾಮ್‌ಸಂಗ್‌ನಲ್ಲಿ 'ಸ್ಕ್ರೀನ್ ಫಿಟ್' ಅಥವಾ 'ಫಿಟ್ ಟು ಸ್ಕ್ರೀನ್', ಸೋನಿಯಲ್ಲಿ 'ಫುಲ್ ಪಿಕ್ಸೆಲ್'. ಪಿಕ್ಚರ್ ಸೈಜ್, ಆಸ್ಪೆಕ್ಟ್ ರೇಶಿಯೋ, ಸ್ಕ್ರೀನ್ ಎಂಬ ಹೆಸರಿನ ಮೆನುಗಳೊಳಗೆ ಹುಡುಕಿ. ಸಿಗದಿದ್ದರೆ ಆ ಎಚ್‌ಡಿಎಂಐ ಪೋರ್ಟ್‌ನ ಹೆಸರನ್ನು 'ಪಿಸಿ' ಎಂದು ಬದಲಿಸಿ. ಹಲವು ಟಿವಿಗಳು ಆ ಹೆಸರು ಕಂಡೊಡನೆ ಹಿಗ್ಗಿಸುವುದನ್ನು ನಿಲ್ಲಿಸುತ್ತವೆ. ಒಂದು ಎಚ್ಚರ: ಈ ಸೆಟ್ಟಿಂಗ್ ಪೋರ್ಟ್‌ಗೊಂದು ಇರುತ್ತದೆ. ಒಂದನೇ ಪೋರ್ಟ್‌ನಲ್ಲಿ ಸರಿಮಾಡಿ, ಗುಡಿಸುವಾಗ ಕಳಚಿದ ಕೇಬಲನ್ನು ಯಾರೋ ಎರಡನೇ ಪೋರ್ಟ್‌ಗೆ ಹಾಕಿದರೆ ದೂರು ಮತ್ತೆ ಬರುತ್ತದೆ.

ಕಂಪ್ಯೂಟರ್ ಕಡೆಯಿಂದ ಚಿತ್ರವನ್ನು ಕುಗ್ಗಿಸಿ ಕಳಿಸುವ ದಾರಿಯೂ ಇದೆ. ಎಎಂಡಿಯ ಡ್ರೈವರ್‌ನಲ್ಲಿ ಇದಕ್ಕೆಂದೇ ಅಂಡರ್‌ಸ್ಕ್ಯಾನ್ ಎಂಬ ಆಯ್ಕೆ ಇದೆ. ಆದರೆ ಕಂಪ್ಯೂಟರ್ ಕುಗ್ಗಿಸಿದ್ದನ್ನು ಟಿವಿ ಮತ್ತೆ ಹಿಗ್ಗಿಸುತ್ತದೆ. ಎರಡು ಸಲ ಎಳೆದಾಡಿದ ಅಕ್ಷರ ಎಂದೂ ಚೂಪಾಗಿ ಕಾಣುವುದಿಲ್ಲ. ಟಿವಿಯ ಮೆನುವಿನಲ್ಲಿ ಬೇರೆ ದಾರಿಯೇ ಇಲ್ಲ ಎಂದು ಖಚಿತವಾದ ಮೇಲೆ ಮಾತ್ರ ಇದಕ್ಕೆ ಕೈ ಹಾಕಿ.

2. ಟಿವಿ ತನ್ನ ಬಗ್ಗೆ ಏನು ಹೇಳಿಕೊಂಡಿದೆ ಎಂದು ಓದಿ

ಕೇಬಲ್ ಚುಚ್ಚಿದ ಕ್ಷಣ ಕಂಪ್ಯೂಟರ್ ಟಿವಿಯೊಳಗಿನ ಒಂದು ಪುಟ್ಟ ಸ್ಮೃತಿಯನ್ನು ಓದುತ್ತದೆ. ಅದರಲ್ಲಿ ತಯಾರಕರ ಗುರುತು, ಪರದೆಯ ಅಗಲ ಎತ್ತರ, ಯಾವ ಯಾವ ರೆಸಲ್ಯೂಷನ್ ತೋರಿಸಬಲ್ಲೆ, ಯಾವುದು ನನಗೆ ಇಷ್ಟ, ಧ್ವನಿ ಬರುತ್ತದೆಯೋ ಇಲ್ಲವೋ ಎಲ್ಲ ಬರೆದಿರುತ್ತದೆ. ಇದೇ ಇಡಿಐಡಿ. ಮೂಲ ಭಾಗ 128 ಬೈಟ್. ಟಿವಿಗಳಲ್ಲಿ ಸಾಮಾನ್ಯವಾಗಿ ಇನ್ನೊಂದು 128 ಬೈಟ್‌ನ ಹೆಚ್ಚುವರಿ ಭಾಗವೂ ಇರುತ್ತದೆ, 720ಪಿ, 1080ಪಿ ಮುಂತಾದ ಟಿವಿಯ ಅಳತೆಗಳು ಮತ್ತು ಧ್ವನಿಯ ವಿವರ ಅದರಲ್ಲಿ. ಎಚ್‌ಡಿಎಂಐ ಪ್ಲಗ್‌ನ 19 ಪಿನ್‌ಗಳಲ್ಲಿ 15 ಮತ್ತು 16ನೆಯವು ಈ ಓದಿಗೆ ಮೀಸಲು. 18ನೆಯದರಲ್ಲಿ ಕಂಪ್ಯೂಟರ್ 5 ವೋಲ್ಟ್ ಕೊಡುತ್ತದೆ. 19ನೆಯದರಲ್ಲಿ ಟಿವಿ 'ನಾನಿದ್ದೇನೆ' ಎಂದು ಸೂಚಿಸುತ್ತದೆ.

ಇಷ್ಟೂ ಚಿತ್ರದ ತಂತಿಗಳಿಂದ ಬೇರೆಯಾದ, ಸೂಕ್ಷ್ಮವಾದ ಏರ್ಪಾಡು. ಅದಕ್ಕೇ ಚಿತ್ರ ಚೆನ್ನಾಗಿಯೇ ಬರುತ್ತಿರುತ್ತದೆ, ಆದರೆ 1024×768ಕ್ಕಿಂತ ಮೇಲೆ ಏರುವುದಿಲ್ಲ. ಈ ಅಂಕಿ ಕಂಡರೆ ನನಗೆ ಅರ್ಧ ಉತ್ತರ ಸಿಕ್ಕಂತೆ. ಇಡಿಐಡಿ ಕೈಗೆ ಬಾರದಿದ್ದಾಗ ಲಿನಕ್ಸ್ ಕರ್ನಲ್ ಅಪಾಯವಿಲ್ಲದ ಹಳೆಯ ಅಳತೆಗಳನ್ನಷ್ಟೇ ಕೊಟ್ಟು 1024×768ಕ್ಕೆ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಸಿಸ್ ಫೋಲ್ಡರ್‌ನ ಒಳಗೆ ಕ್ಲಾಸ್, ಅದರೊಳಗೆ ಡಿಆರ್‌ಎಂ. ಅಲ್ಲಿ ಪ್ರತಿ ಪೋರ್ಟ್‌ಗೂ ಒಂದು ಫೋಲ್ಡರ್, ಅದರಲ್ಲಿ ಸ್ಟೇಟಸ್, ಮೋಡ್ಸ್, ಇಡಿಐಡಿ ಎಂಬ ಕಡತಗಳು. ಸ್ಟೇಟಸ್ 'ಕನೆಕ್ಟೆಡ್' ಎನ್ನುತ್ತಿದ್ದು, ಇಡಿಐಡಿ ಕಡತವನ್ನು ತೆರೆದು ಓದಿದರೆ ಒಂದು ಬೈಟ್ ಕೂಡ ಬಾರದಿದ್ದರೆ ಮಾತುಕತೆ ಕಡಿದಿದೆ ಎಂದರ್ಥ. (ಫೋಲ್ಡರ್ ಪಟ್ಟಿಯಲ್ಲಿ ಕಾಣುವ ಗಾತ್ರವನ್ನು ನಂಬಬೇಡಿ, ಅಲ್ಲಿ ಯಾವಾಗಲೂ ಸೊನ್ನೆಯೇ ಇರುತ್ತದೆ.) ತುಂಬಿದ ಕಡತವಾದರೆ ಇಡಿಐಡಿ-ಡಿಕೋಡ್ ಎಂಬ ಉಪಕರಣಕ್ಕೆ ಕೊಡಿ, ಅದು ಎಲ್ಲವನ್ನೂ ಮನುಷ್ಯರು ಓದುವಂತೆ ಬಿಡಿಸಿ ಹೇಳುತ್ತದೆ. ಚೆಕ್‌ಸಮ್ ತಪ್ಪಿದೆಯೇ ಎಂಬುದನ್ನೂ ಹೇಳುತ್ತದೆ: 128 ಬೈಟ್‌ಗಳನ್ನೆಲ್ಲ ಕೂಡಿ 256ರಿಂದ ಭಾಗಿಸಿದರೆ ಶೇಷ ಸೊನ್ನೆ ಬರಬೇಕು. ಬಾರದಿದ್ದರೆ ದಾರಿಯಲ್ಲಿ ಯಾವುದೋ ಬಿಟ್ ಕೆಟ್ಟಿದೆ, ಇಲ್ಲವೇ ಟಿವಿಯ ತಯಾರಕರೇ ತಪ್ಪು ಬರೆದಿದ್ದಾರೆ. ಎರಡನ್ನೂ ನಾನು ಕಂಡಿದ್ದೇನೆ.

3. ಸಾಫ್ಟ್‌ವೇರ್ ಮುಟ್ಟುವ ಮೊದಲು ಕೇಬಲ್ ಬದಲಿಸಿ

ಇಲ್ಲಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಇಂಟೀರಿಯರ್ ಮಾಡುವವರು ಉದ್ದದ ಎಚ್‌ಡಿಎಂಐ ಕೇಬಲನ್ನು ಗೋಡೆಯೊಳಗೆ ಹೂತು ಎರಡೂ ತುದಿ ಮಾತ್ರ ಹೊರಗೆ ಬಿಟ್ಟಿರುತ್ತಾರೆ. ಗೋಡೆಯೊಳಗಿನ ಕೇಬಲ್ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ನಾನು ಚೀಲದಲ್ಲಿ ಸದಾ ಒಂದು ಗಿಡ್ಡ, ನಂಬಿಕೆಯ ಕೇಬಲ್ ಇಟ್ಟುಕೊಂಡಿರುತ್ತೇನೆ. ಲ್ಯಾಪ್‌ಟಾಪನ್ನು ಟಿವಿಯ ಪಕ್ಕಕ್ಕೇ ಒಯ್ದು ಅದರಿಂದ ಜೋಡಿಸಿದಾಗ ಸರಿಹೋದರೆ ಮುಂದಿನ ಚರ್ಚೆಯೇ ಇಲ್ಲ.

ವಿಜಿಎ ಕೇಬಲ್ ಆದರೆ ಇನ್ನೂ ಎಚ್ಚರ. ಅದರಲ್ಲಿ ಇಡಿಐಡಿ ಓದುವುದು 12 ಮತ್ತು 15ನೇ ಪಿನ್‌ಗಳಲ್ಲಿ. ಅಗ್ಗದ ಕೇಬಲ್‌ಗಳಲ್ಲಿ ಆ ತಂತಿಗಳನ್ನೇ ಹಾಕಿರುವುದಿಲ್ಲ. ಬಣ್ಣದ ಮೂರು ತಂತಿ, ಸಿಂಕ್‌ನ ಎರಡು ತಂತಿ ಇದ್ದರೆ ಚಿತ್ರ ಬರುತ್ತದೆ, ಆದ್ದರಿಂದ ಕೊಂಡವರಿಗೆ ಕೊರತೆ ಗೊತ್ತಾಗುವುದೇ ಇಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್‌ಗಳಲ್ಲಿ ಕೆಲವು ಟಿವಿಯ ಇಡಿಐಡಿಯನ್ನು ದಾಟಿಸದೆ ತಮ್ಮದೇ ಒಂದನ್ನು ಹೇಳಿಬಿಡುತ್ತವೆ. ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್, ಅಂದರೆ ಎಲ್ಲರ ಬಾಯಲ್ಲಿರುವ ಸಿಟಿಸಿಗೆ ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಸಾಧ್ಯವಾದರೆ ಲ್ಯಾಪ್‌ಟಾಪ್ ಜೊತೆಗೇ ಒಯ್ಯಿರಿ, ಅಂಗಡಿಯ ಪರದೆಗೆ ಹಾಕಿಸಿ, ಪೂರ್ತಿ ರೆಸಲ್ಯೂಷನ್ ಪಟ್ಟಿ ಬರುತ್ತದೆಯೇ ನೋಡಿ, ಆಮೇಲೆ ದುಡ್ಡು ಕೊಡಿ.

4. ಮೂವತ್ತೆರಡು ಇಂಚಿನ 'ಎಚ್‌ಡಿ ರೆಡಿ' ಟಿವಿಯ ಕಥೆ ಬೇರೆಯೇ

ಇಲ್ಲಿನ ಮನೆಗಳಲ್ಲಿ ನನಗೆ ಹೆಚ್ಚು ಎದುರಾಗುವುದು ಈ ಟಿವಿ. ಇದರ ಪ್ಯಾನೆಲ್‌ನಲ್ಲಿರುವುದು 1366×768 ಚುಕ್ಕೆಗಳು. ಎಚ್‌ಡಿಎಂಐ ಮೂಲಕ ಅದು ಕೇಳುವುದು ಮಾತ್ರ 1280×720 ಅಥವಾ 1920×1080, ಏಕೆಂದರೆ ಸೆಟ್‌ಟಾಪ್ ಬಾಕ್ಸ್‌ಗಳು ಕಳಿಸುವುದು ಅವನ್ನೇ. 720 ಕಳಿಸಿದರೆ ಟಿವಿ ಹಿಗ್ಗಿಸಬೇಕು, 1080 ಕಳಿಸಿದರೆ ಕುಗ್ಗಿಸಬೇಕು. ಸಿನಿಮಾದಲ್ಲಿ ಇದು ಗೊತ್ತಾಗುವುದಿಲ್ಲ. ಅಕ್ಷರದಲ್ಲಿ ಕೂಡಲೇ ಗೊತ್ತಾಗುತ್ತದೆ.

ಅದರಲ್ಲೂ ಕನ್ನಡದ ಅಕ್ಷರದಲ್ಲಿ. ಇಂಗ್ಲಿಷ್ ಪುಟ ತೆರೆದು 'ಓದಲು ಬರುತ್ತದಲ್ಲ' ಎಂದು ಹೇಳಿ ಎದ್ದುಬರುವವರನ್ನು ನೋಡಿದ್ದೇನೆ. ನಾನು ಪರೀಕ್ಷಿಸುವುದು ಕನ್ನಡ ಪುಟದಿಂದಲೇ. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಟಿವಿ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಮಾಡಿದಾಗ ಮೊದಲು ಅಳಿಸಿಹೋಗುವುದು ಆ ಗೀಟೇ. ಆಮೇಲೆ ಒತ್ತಕ್ಷರಗಳು: 'ಲಕ್ಷ್ಮೀ', 'ರಾಷ್ಟ್ರ', 'ಸ್ವಾತಂತ್ರ್ಯ' ಇಂಥವು ಒಂದೇ ಮುದ್ದೆಯಾಗುತ್ತವೆ. ಸಣ್ಣ ಅಕ್ಷರದಲ್ಲಿ ಈ ಮೂರು ಪದ ಬರೆದು, ಸೋಫಾದಲ್ಲಿ ಕೂತು ಓದಲು ಬಂದರೆ ರೆಸಲ್ಯೂಷನ್ ಸರಿಯಿದೆ ಎಂದು ನಂಬಬಹುದು.

ಪ್ಯಾನೆಲ್‌ನ ಅಳತೆಯನ್ನೇ ಕಳಿಸಬಾರದೇಕೆ? ಇಲ್ಲೊಂದು ಹಳೆಯ ತೊಡಕಿದೆ. ಅಗಲ ಎಂಟರಿಂದ ಭಾಗವಾಗಬೇಕು ಎಂಬುದು ಮಾನಿಟರ್ ಅಳತೆ ಲೆಕ್ಕಹಾಕುವ ಸಿವಿಟಿ ಎಂಬ ಸೂತ್ರದ ನಿಯಮ. 1366 ಎಂಟರಿಂದ ಭಾಗವಾಗುವುದಿಲ್ಲ. ಸಿವಿಟಿ ಉಪಕರಣಕ್ಕೆ 1366 ಕೊಟ್ಟರೆ ಅದು 1368ರ ಮೋಡ್, ಅಂದರೆ ಆ ಅಳತೆಯ ಸಿಗ್ನಲ್‌ನ ಅಂಕಿಗಳನ್ನು, ಬರೆದುಕೊಡುತ್ತದೆ. ಟಿವಿ ಅದನ್ನು ಒಪ್ಪದೆ 'ಈ ಫಾರ್ಮ್ಯಾಟ್‌ಗೆ ಬೆಂಬಲವಿಲ್ಲ' ಎನ್ನುತ್ತದೆ. ಎಷ್ಟೋ ಟಿವಿಗಳು 1360×768ನ್ನು ಒಪ್ಪುತ್ತವೆ. ಬದಿಗಳಲ್ಲಿ ಮೂರು ಮೂರು ಚುಕ್ಕೆ ಖಾಲಿ ಬಿಟ್ಟರೂ ಅಕ್ಷರ ಸ್ಫುಟವಾಗುತ್ತದೆ. ಆದ್ದರಿಂದ ನನ್ನ ಕ್ರಮ ಹೀಗೆ: ಇಡಿಐಡಿ ಪಟ್ಟಿಯಲ್ಲಿ 1360 ಅಥವಾ 1366 ಇದ್ದರೆ ಅದನ್ನೇ ಹಾಕುತ್ತೇನೆ. ಇಲ್ಲದಿದ್ದರೆ ಟಿವಿಯ ಹಿಂದೆ ವಿಜಿಎ ಪೋರ್ಟ್ ಇದೆಯೇ ನೋಡುತ್ತೇನೆ. ಹಳೆಯ ಟಿವಿಗಳು ಎಚ್‌ಡಿಎಂಐಯಲ್ಲಿ ಕೊಡದ 1360×768ನ್ನು ವಿಜಿಎಯಲ್ಲಿ ಕೊಡುವುದುಂಟು. ಓದುವುದಕ್ಕೇ ಬೇಕಾದವರಿಗೆ ಆ ಹಳೆಯ ಪೋರ್ಟ್ ಒಳ್ಳೆಯದು, ಧ್ವನಿಗೆ ಬೇರೆ ತಂತಿ ಹಾಕಬೇಕಾದರೂ ಸರಿ. ಅದೂ ಇಲ್ಲದಿದ್ದರೆ 1280×720.

5. ಮಿರರ್ ಮಾಡಿದರೆ ಎರಡೂ ಪರದೆ ಕೆಳಗಿಳಿಯುತ್ತವೆ

ಲ್ಯಾಪ್‌ಟಾಪ್‌ನ ಪರದೆ 1366×768, ಟಿವಿ 1920×1080. ಎರಡರಲ್ಲೂ ಒಂದೇ ಚಿತ್ರ ಬೇಕೆಂದು ಮಿರರ್ ಒತ್ತಿದರೆ ಎರಡಕ್ಕೂ ಒಪ್ಪಿಗೆಯಾದ ಅಳತೆಯನ್ನು ಡೆಸ್ಕ್‌ಟಾಪ್ ಹುಡುಕುತ್ತದೆ. ಅದು ಬಹಳ ಸಲ 1024×768 ಆಗಿರುತ್ತದೆ, ಚಿತ್ರ ಚೌಕಾಕಾರಕ್ಕೆ ತಿರುಗುತ್ತದೆ. ಟಿವಿಯೊಂದನ್ನೇ ಇಟ್ಟು ಲ್ಯಾಪ್‌ಟಾಪ್ ಪರದೆ ಆರಿಸಿ, ಇಲ್ಲವೇ ಎರಡನ್ನೂ ಬೇರೆ ಬೇರೆಯಾಗಿ ವಿಸ್ತರಿಸಿ. ಎರಡನೇ ಪಾಠದಲ್ಲಿ ಹೇಳಿದ ಅಂಕಿಯೇ ಇಲ್ಲೂ ಬರುವುದರಿಂದ ಕೇಬಲ್ ಮೇಲೆ ಸಂಶಯಪಡುವ ಮೊದಲು ಮಿರರ್ ಆಗಿದೆಯೇ ನೋಡಿಕೊಳ್ಳಿ.

6. ಎಕ್ಸ್ ಮೇಲೆ ಓಡುತ್ತಿದೆಯೋ, ವೇಲ್ಯಾಂಡ್ ಮೇಲೋ?

ಹಳೆಯ ಸಲಹೆಗಳೆಲ್ಲ ಎಕ್ಸ್‌ರಾಂಡರ್ ಎಂಬ ಆಜ್ಞೆಯಿಂದ ಶುರುವಾಗುತ್ತವೆ. ಅದು ಪರದೆಗೆ ಚಿತ್ರ ಒದಗಿಸುವ ಹಳೆಯ ಎಕ್ಸ್ ವ್ಯವಸ್ಥೆಯದು. ಅದರ ಜಾಗಕ್ಕೆ ಬರುತ್ತಿರುವ ಹೊಸದು ವೇಲ್ಯಾಂಡ್. ಲಿನಕ್ಸ್ ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಇನ್ನೂ ಮೊದಲಿಗೆ ಎಕ್ಸ್ ಮೇಲೆಯೇ ನಿಲ್ಲುವುದರಿಂದ ಅಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಬರಿದೇ ಎಕ್ಸ್‌ರಾಂಡರ್ ಎಂದು ಕೊಟ್ಟರೆ ಪಟ್ಟಿ ಬರುತ್ತದೆ. ನಕ್ಷತ್ರ ಇರುವುದು ಈಗ ಓಡುತ್ತಿರುವ ಮೋಡ್, ಪ್ಲಸ್ ಇರುವುದು ಟಿವಿ ತಾನೇ ಬಯಸಿದ ಮೋಡ್. ಎರಡೂ ಒಂದೇ ಸಾಲಿನಲ್ಲಿ ಇವೆಯೇ ಎಂದು ನೋಡಿದರೆ ಅರ್ಧ ಕೆಲಸ ಆಯಿತು.

ಉಬುಂಟುವಿನಲ್ಲಿ 21.04ರಿಂದ ವೇಲ್ಯಾಂಡ್ ಮೊದಲ ಆಯ್ಕೆ. 25.10ರಲ್ಲಿ ಅದರ ಗ್ನೋಮ್ ಡೆಸ್ಕ್‌ಟಾಪ್‌ಗೆ ಎಕ್ಸ್ ಸೆಷನ್ ಉಳಿದೇ ಇಲ್ಲ. ವೇಲ್ಯಾಂಡ್‌ನಲ್ಲಿ ಎಕ್ಸ್‌ರಾಂಡರ್ ಒಂದು ಪಟ್ಟಿ ತೋರಿಸುತ್ತದೆ ನಿಜ, ಆದರೆ ಅದರ ಮೂಲಕ ಹೊಸ ಮೋಡ್ ಸೇರಿಸಲಾಗುವುದಿಲ್ಲ. ಅಲ್ಲಿ ಡೆಸ್ಕ್‌ಟಾಪ್‌ನದೇ ಡಿಸ್‌ಪ್ಲೇ ಸೆಟ್ಟಿಂಗ್ ಬಳಸಬೇಕು, ಕೆಡಿಇ ಆದರೆ ಕೆಸ್ಕ್ರೀನ್-ಡಾಕ್ಟರ್. ಪಟ್ಟಿಯಲ್ಲೇ ಇಲ್ಲದ ಮೋಡ್ ಬೇಕೆಂದರೆ ಎಂಟನೇ ಪಾಠದ ದಾರಿಯೇ ಗತಿ. ಯಾವುದರ ಮೇಲೆ ಓಡುತ್ತಿದೆ ಎಂದು ತಿಳಿಯದೆ ಆಜ್ಞೆಗಳನ್ನು ನಕಲು ಮಾಡುವುದರಲ್ಲಿ ಸಂಜೆಗಳು ಕಳೆದುಹೋಗುತ್ತವೆ.

7. ಹೊಸ ಮೋಡ್ ಸೇರಿಸುವಾಗ ಟಿವಿಯ ಲೆಕ್ಕವನ್ನೇ ಬಳಸಿ

ನನ್ನ ಪಾಠಗಳಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದು. ಇಡಿಐಡಿ ಸಿಗದಿದ್ದಾಗ ಎಕ್ಸ್‌ನಲ್ಲಿ ಮೂರು ಹಂತದ ಕೆಲಸ: ನ್ಯೂಮೋಡ್‌ನಿಂದ ಮೋಡ್ ಬರೆಯುವುದು, ಆಡ್‌ಮೋಡ್‌ನಿಂದ ಅದನ್ನು ಪೋರ್ಟ್‌ಗೆ ಸೇರಿಸುವುದು, ಔಟ್‌ಪುಟ್ ಮತ್ತು ಮೋಡ್ ಎಂಬ ಆಯ್ಕೆಗಳಿಂದ ಅದನ್ನು ಹಾಕುವುದು. ಮೋಡ್‌ನ ಅಂಕಿಗಳನ್ನು ಸಿವಿಟಿ ಉಪಕರಣದಿಂದ ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಟಿವಿಯ ವಿಷಯದಲ್ಲಿ ಅದು ಕೈಕೊಡುತ್ತದೆ.

ಕಾರಣ ಹೀಗಿದೆ. ಕಾಣುವುದು 1920×1080 ಚುಕ್ಕೆಗಳಾದರೂ ಪ್ರತಿ ಸಾಲಿನ ಕೊನೆಗೆ, ಪ್ರತಿ ಚಿತ್ರದ ಕೊನೆಗೆ ಕಾಣದ ಒಂದಿಷ್ಟು ಬಿಡುವು ಇರುತ್ತದೆ. ಟ್ಯೂಬಿನ ಕಿರಣ ಹಿಂದಕ್ಕೆ ಮರಳಲು ಕೊಟ್ಟಿದ್ದ ಸಮಯ ಅದು. ಟಿವಿಗಳ ಮಾನದಂಡದಲ್ಲಿ ಬಿಡುವೂ ಸೇರಿ ಒಂದು ಸಾಲಿಗೆ 2200 ಚುಕ್ಕೆ, ಒಂದು ಚಿತ್ರಕ್ಕೆ 1125 ಸಾಲು. ಸೆಕೆಂಡಿಗೆ 60 ಚಿತ್ರ ಎಂದರೆ 2200 × 1125 × 60, ಅಂದರೆ 148.5 ಮೆಗಾಹರ್ಟ್ಸ್. ಸಿವಿಟಿ ಅದೇ 1080ಕ್ಕೆ ಮಾನಿಟರ್‌ಗಳ ರೀತಿಯಲ್ಲಿ ದೊಡ್ಡ ಬಿಡುವು ಕೊಟ್ಟು 173 ಮೆಗಾಹರ್ಟ್ಸ್ ಕೇಳುತ್ತದೆ. ಎಚ್‌ಡಿಎಂಐ 1.2ರ ವರೆಗಿನ ಪೋರ್ಟ್‌ಗಳ ಮಿತಿ 165. ಹಳೆಯ ಟಿವಿ 'ನೋ ಸಿಗ್ನಲ್' ಎನ್ನದೆ ಇನ್ನೇನು ಮಾಡೀತು? 148.5ರ ಮೋಡ್ ಕೊಟ್ಟರೆ ಅದೇ ಟಿವಿ ಮರುಮಾತಿಲ್ಲದೆ ಚಿತ್ರ ತೋರಿಸುತ್ತದೆ.

ಬರೆದಿಟ್ಟುಕೊಳ್ಳಬೇಕಾದ ಅಂಕಿಗಳು: 1080ಪಿಗೆ 148.50, ಆಮೇಲೆ 1920 2008 2052 2200, ಆಮೇಲೆ 1080 1084 1089 1125, ಎರಡೂ ಸಿಂಕ್ ಪ್ಲಸ್. 720ಪಿಗೆ 74.25, ಆಮೇಲೆ 1280 1390 1430 1650, ಆಮೇಲೆ 720 725 730 750, ಎರಡೂ ಪ್ಲಸ್. ಇವೆರಡು ಕೈಯಲ್ಲಿದ್ದರೆ ಬಹುಪಾಲು ಟಿವಿಗಳ ಕೆಲಸ ಮುಗಿಯುತ್ತದೆ.

ಪ್ರಯೋಗ ಮಾಡುವ ಮೊದಲು ಹಿಂದಿರುಗುವ ದಾರಿ ಕಟ್ಟಿಕೊಳ್ಳಿ. ಹೊಸ ಮೋಡ್‌ನ ಆಜ್ಞೆಯ ಹಿಂದೆಯೇ 'ಹದಿನೈದು ಸೆಕೆಂಡ್ ನಿದ್ದೆ, ಆಮೇಲೆ ಎಕ್ಸ್‌ರಾಂಡರ್ ಆಟೋ' ಎಂದು ಅದೇ ಸಾಲಿನಲ್ಲಿ ಸೇರಿಸಿದರೆ ಟಿವಿ ಕಪ್ಪಾದರೂ ತಾನೇ ಹಿಂದಿನದಕ್ಕೆ ಮರಳುತ್ತದೆ. ಅದಿಲ್ಲದಿದ್ದರೆ ಇನ್ನೊಂದು ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ ಮೂಲಕ ಒಳಹೋಗುವ ವ್ಯವಸ್ಥೆಯಾದರೂ ಇರಲಿ. ಮೋಡ್ ನಿಂತಿತು ಎಂದಾದ ಮೇಲೆ ಆ ಸಾಲುಗಳನ್ನು ಮನೆಯ ಫೋಲ್ಡರ್‌ನ ಎಕ್ಸ್‌ಪ್ರೊಫೈಲ್ ಕಡತಕ್ಕೆ ಬರೆಯಿರಿ, ಇಲ್ಲದಿದ್ದರೆ ಲಾಗೌಟ್ ಆದೊಡನೆ ಅಳಿಸಿಹೋಗುತ್ತವೆ.

8. ಕರೆಂಟ್ ಹೋಗಿ ಬಂದ ಮೇಲೂ ನಿಲ್ಲಬೇಕು

ಬೇಸಿಗೆಯಲ್ಲಿ ಇಲ್ಲಿ ಕರೆಂಟ್ ಹೋಗಿ ಬರುವುದು ಹೊಸದಲ್ಲ. ಕಂಪ್ಯೂಟರ್ ಇನ್ವರ್ಟರ್ ಮೇಲಿರುತ್ತದೆ, ಟಿವಿ ಇರುವುದಿಲ್ಲ. ಟಿವಿ ಆರಿರುವಾಗ ಕಂಪ್ಯೂಟರ್ ಬೂಟ್ ಆದರೆ ಆ ಕಡೆಯಿಂದ ಯಾವ ಉತ್ತರವೂ ಬರದೆ ತಪ್ಪು ಅಳತೆಯಲ್ಲಿ ನಿಂತುಬಿಡುವುದುಂಟು. ಕೆಲವು ಟಿವಿಗಳು ಆರಿದ್ದಾಗಲೂ ಕಂಪ್ಯೂಟರ್ ಕೊಡುವ 5 ವೋಲ್ಟ್‌ನಲ್ಲೇ ಇಡಿಐಡಿ ಓದಲು ಬಿಡುತ್ತವೆ. ಕೆಲವು ಹೊತ್ತಿಕೊಳ್ಳುವ ತನಕ 19ನೇ ಪಿನ್‌ನ ಸೂಚನೆ ಕೊಡುವುದೇ ಇಲ್ಲ. ಎರಡನೆಯ ಜಾತಿಯವು ನಮಗೆ ಕಷ್ಟ ಕೊಡುವಂಥವು.

ಶಾಶ್ವತ ಉಪಾಯ ಇದು: ಎಲ್ಲ ಸರಿಯಿದ್ದಾಗ ಇಡಿಐಡಿ ಕಡತವನ್ನು ನಕಲು ಮಾಡಿ ಫರ್ಮ್‌ವೇರ್ ಫೋಲ್ಡರ್‌ನ ಇಡಿಐಡಿ ಎಂಬ ಒಳಫೋಲ್ಡರ್‌ನಲ್ಲಿಡಿ. ಬೂಟ್ ಲೋಡರ್ ಆದ ಗ್ರಬ್‌ನ ಕರ್ನಲ್ ಸಾಲಿನಲ್ಲಿ ಡಿಆರ್‌ಎಂ ಚುಕ್ಕೆ ಇಡಿಐಡಿ ಅಂಡರ್‌ಸ್ಕೋರ್ ಫರ್ಮ್‌ವೇರ್ ಎಂಬ ಆಯ್ಕೆಯಿಂದ ಆ ಕಡತವನ್ನು ತೋರಿಸಿ. ಜೊತೆಗೆ ವಿಡಿಯೋ ಎಂಬ ಆಯ್ಕೆಯಲ್ಲಿ ಪೋರ್ಟ್, ಅಳತೆ, ಕೊನೆಗೆ ಸಣ್ಣ 'ಇ' ಅಕ್ಷರ ಸೇರಿಸಿದರೆ ಟಿವಿ ಉತ್ತರಿಸದಿದ್ದರೂ ಪೋರ್ಟ್ ತೆರೆದಿರುತ್ತದೆ. ಡ್ರೈವರ್ ಬೂಟ್‌ನ ಆರಂಭದಲ್ಲೇ ಏಳುವುದರಿಂದ ಆ ಕಡತವನ್ನು ಆಗಲೇ ಓದಲಾಗುವ ಇನಿಟ್‌ರಾಮ್‌ಎಫ್‌ಎಸ್‌ಗೂ ಸೇರಿಸಬೇಕು. ಈ ಹಂತವನ್ನು ಬಿಟ್ಟು, ಆಯ್ಕೆ ಕೆಲಸ ಮಾಡುತ್ತಿಲ್ಲ ಎನ್ನುವವರು ಬಹಳ ಮಂದಿ. ಪೋರ್ಟ್‌ನ ಹೆಸರೂ ಮುಖ್ಯ: ಎಕ್ಸ್‌ರಾಂಡರ್‌ನಲ್ಲಿ ಎಚ್‌ಡಿಎಂಐ-1 ಎಂದು ಕಾಣುವುದು ಕರ್ನಲ್‌ಗೆ ಎಚ್‌ಡಿಎಂಐ-ಎ-1.

ಬೇರೆ ಯಾವುದೋ ಮಾನಿಟರ್‌ನ ಇಡಿಐಡಿಯನ್ನು ತಂದು ಹಾಕಬೇಡಿ. ಅದರಲ್ಲಿ ಹೆಚ್ಚುವರಿ 128 ಬೈಟ್ ಇಲ್ಲದಿದ್ದರೆ ಚಿತ್ರ ಸುಂದರವಾಗಿ ಬರುತ್ತದೆ, ಧ್ವನಿ ಮಾತ್ರ ಬರುವುದಿಲ್ಲ. ಮನೆಯವರು ಸ್ಪೀಕರ್ ಕೆಟ್ಟಿದೆ ಎಂದು ತಿಳಿಯುತ್ತಾರೆ.

9. ರಾಸ್ಪ್‌ಬೆರಿ ಪೈ ಆದರೆ ಸಲಹೆಯ ವರ್ಷ ನೋಡಿ

ಪೈ ಎಂಬ ಈ ಪುಟ್ಟ ಕಂಪ್ಯೂಟರ್‌ನ ಕಾನ್ಫಿಗ್ ಕಡತದಲ್ಲಿ ಡಿಸೇಬಲ್ ಓವರ್‌ಸ್ಕ್ಯಾನ್, ಎಚ್‌ಡಿಎಂಐ ಗ್ರೂಪ್ 1, ಮೋಡ್ 16 ಎಂದು ಬರೆದರೆ 1080ಪಿ ಬರುತ್ತಿದ್ದ ಕಾಲ ಒಂದಿತ್ತು. 2023ರ ಅಕ್ಟೋಬರ್‌ನಲ್ಲಿ ಬಂದ ರಾಸ್ಪ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಲ್ಲಿ ಚಿತ್ರದ ಹೊಣೆ ಲಿನಕ್ಸ್ ಕರ್ನಲ್‌ನದು. ಗ್ರೂಪ್, ಮೋಡ್ ಸಾಲುಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಮ್ಯಾಂಡ್‌ಲೈನ್ ಕಡತದಲ್ಲಿ ಎಂಟನೇ ಪಾಠದ ವಿಡಿಯೋ ಆಯ್ಕೆ ಬರೆಯಬೇಕು. ಪೈ 4ರಲ್ಲಿ ಎರಡು ಮೈಕ್ರೋ ಎಚ್‌ಡಿಎಂಐ ಇವೆ. ಟಿವಿ ಒಂದೇ ಇದ್ದರೆ ಪವರ್ ಪೋರ್ಟ್‌ನ ಪಕ್ಕದ್ದನ್ನು ಬಳಸಿ.

10. ಫೋರ್‌ಕೆ ಟಿವಿಯಲ್ಲಿ ಮೌಸ್ ತೂಕಡಿಸಿದರೆ

ಹೊಸ ಟಿವಿ, 3840×2160, ಚಿತ್ರ ಸ್ಫುಟ, ಆದರೆ ಮೌಸ್‌ನ ಬಾಣ ಕೈಯ ಹಿಂದೆ ಹಿಂದೆ ಬರುತ್ತದೆ. ಸೆಕೆಂಡಿಗೆ 30 ಚಿತ್ರ ಹೋಗುತ್ತಿರುವುದರ ಲಕ್ಷಣ ಇದು. ಫೋರ್‌ಕೆ 30ಕ್ಕೆ 297 ಮೆಗಾಹರ್ಟ್ಸ್ ಸಾಕು, 60ಕ್ಕೆ 594 ಬೇಕು. ಎಚ್‌ಡಿಎಂಐ 1.4ರ ಮಿತಿ 340, 2.0ರದು 600. ಕಂಪ್ಯೂಟರ್ ಹಳೆಯದಾದರೆ 1.4ಕ್ಕಿಂತ ಮೇಲೆ ಹೋಗದು. ಅಂಥಲ್ಲಿ ಫೋರ್‌ಕೆ ಹಟ ಬಿಟ್ಟು 1080ಪಿ 60 ಹಾಕುವುದೇ ಸರಿ ಎಂದು ನನ್ನ ಅಭಿಪ್ರಾಯ. 2160 ಎಂಬುದು 1080ರ ಸರಿಯಾದ ಎರಡರಷ್ಟು, ಆದ್ದರಿಂದ ಟಿವಿ ಹಿಗ್ಗಿಸಿದರೂ ಅಕ್ಷರ ಅಷ್ಟಾಗಿ ಕೆಡುವುದಿಲ್ಲ.

ಕಂಪ್ಯೂಟರ್ ಹೊಸದಾಗಿದ್ದೂ 30ಕ್ಕೇ ನಿಂತರೆ ಮತ್ತೆ ರಿಮೋಟ್ ಹಿಡಿಯಿರಿ. ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಎಲ್‌ಜಿಯಲ್ಲಿ 'ಅಲ್ಟ್ರಾ ಎಚ್‌ಡಿ ಡೀಪ್ ಕಲರ್' ಎಂಬ ಆಯ್ಕೆ ಆ ಪೋರ್ಟ್‌ಗೆ ಆನ್ ಆಗಿರಬೇಕು. ಅದನ್ನು ಆನ್ ಮಾಡಿದರೆ ಟಿವಿ ಹೇಳುವ ಇಡಿಐಡಿಯೇ ಬದಲಾಗುತ್ತದೆ. ಎಎಂಡಿ ಗ್ರಾಫಿಕ್ಸ್ ಕಾರ್ಡ್‌ನಿಂದ ಫೋರ್‌ಕೆ 120 ಬೇಕೆಂದು ದುಬಾರಿ ಟಿವಿ ಕೊಳ್ಳುವ ಆಟಗಾರರಿಗೆ ಒಂದು ಮಾತು: ಅದಕ್ಕೆ ಬೇಕಾದ ಎಚ್‌ಡಿಎಂಐ 2.1ನ್ನು ಮುಕ್ತ ಡ್ರೈವರ್‌ನಲ್ಲಿ ತರಲು ಎಎಂಡಿ ಸಿದ್ಧಪಡಿಸಿದ್ದ ಪ್ರಸ್ತಾವವನ್ನು ಎಚ್‌ಡಿಎಂಐ ಫೋರಂ ತಿರಸ್ಕರಿಸಿದ ಸುದ್ದಿ 2024ರ ಫೆಬ್ರವರಿಯಲ್ಲಿ ಬಂತು. ಎಂಜಿನಿಯರ್‌ಗಳು ಮಾಡಿಟ್ಟ ಕೆಲಸ ಪರವಾನಗಿಯ ಕಾರಣಕ್ಕೆ ಜನರಿಗೆ ಮುಟ್ಟದೆ ಉಳಿಯುವುದು ನನಗೆ ನೋವಿನ ಸಂಗತಿ. ಡಿಸ್‌ಪ್ಲೇಪೋರ್ಟ್‌ಗೆ ಈ ತೊಡಕಿಲ್ಲ, ಆದರೆ ಟಿವಿಗಳಲ್ಲಿ ಆ ಪೋರ್ಟ್ ಸಿಗುವುದೇ ಅಪರೂಪ.

11. ಅಕ್ಷರ ಸಣ್ಣದಾಯಿತೆಂದು ರೆಸಲ್ಯೂಷನ್ ಇಳಿಸಬೇಡಿ

ಎಲ್ಲ ಸರಿಮಾಡಿ ಬಂದ ಮೇಲೆ ಮನೆಯವರೇ ಮತ್ತೆ 1280×720ಕ್ಕೆ ಇಳಿಸಿಕೊಂಡಿರುತ್ತಾರೆ. ಅವರ ಕಾರಣ ಸರಿಯಾದದ್ದೇ: ಸೋಫಾ ದೂರದಲ್ಲಿದೆ, ಕನ್ನಡಕ ಬದಲಾಗಿದೆ, ಅಕ್ಷರ ಕಾಣುವುದಿಲ್ಲ. ಆದರೆ ಅಳತೆ ಇಳಿಸಿದರೆ ಅಕ್ಷರ ದೊಡ್ಡದಾಗುವ ಜೊತೆಗೆ ಮಸುಕೂ ಆಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನ ಸ್ಕೇಲ್ ಹೆಚ್ಚಿಸಿ, ಫೋರ್‌ಕೆಯಾದರೆ 200 ಪ್ರತಿಶತ. 1080ಪಿಯಲ್ಲಿ ನಾನು ಸ್ಕೇಲ್ ಮುಟ್ಟದೆ ಅಕ್ಷರದ ಗಾತ್ರವನ್ನಷ್ಟೇ ಒಂದೂಕಾಲು, ಒಂದೂವರೆ ಪಟ್ಟು ಮಾಡುತ್ತೇನೆ. ಮಿಂಟ್‌ನಲ್ಲಿ ಫಾಂಟ್ ಸೆಟ್ಟಿಂಗ್‌ನ ಕೆಳಗೇ ಟೆಕ್ಸ್ಟ್ ಸ್ಕೇಲಿಂಗ್ ಇದೆ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದರೆ ದೂರದಿಂದ ಓದಲು ಹಿತ. ಫೈರ್‌ಫಾಕ್ಸ್ ಪ್ರತಿ ತಾಣದ ಜೂಮನ್ನೂ ಬೇರೆ ಬೇರೆಯಾಗಿ ನೆನಪಿಡುತ್ತದೆ. ಮನೆಯವರು ದಿನಾ ಓದುವ ಪತ್ರಿಕೆಯನ್ನು ತೆರೆದು, ಅವರನ್ನು ಅವರ ಜಾಗದಲ್ಲೇ ಕೂರಿಸಿ, ಕಂಟ್ರೋಲ್ ಮತ್ತು ಪ್ಲಸ್ ಒತ್ತುತ್ತಾ ಹೋಗಿ 'ಈಗ ಕಾಣ್ತದೇನ್ರಿ' ಎಂದು ಕೇಳಿ. ಅವರು ಸಾಕು ಅಂದಲ್ಲಿ ನಿಲ್ಲಿಸಿ. ಆಮೇಲೆ ಟಿವಿಯ ಮಾಡೆಲ್, ಯಾವ ಪೋರ್ಟ್, ಯಾವ ಮೋಡ್, ಕರ್ನಲ್ ಸಾಲಿನಲ್ಲಿ ಏನು ಸೇರಿಸಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಟಿವಿಯ ಹಿಂಬದಿಗೆ ಅಂಟಿಸಿ ಬನ್ನಿ. ಮುಂದಿನ ಸಲ ಬರುವವರು ನೀವೇ ಆಗಿರಬೇಕೆಂದೇನಿಲ್ಲ.